ಕತ್ತಲಲ್ಲಿ ಕೂಗಿದ ಹಾಜರಿ

ನಾನು ವಿಜ್ಞಾನದ ಮೇಷ್ಟ್ರು. ಹುಣಸೆಮರದಲ್ಲಿ ದೆವ್ವ ಇದೆ ಎಂದ ಹುಡುಗರನ್ನು ಅದೇ ಮರದ ಕೆಳಗೆ ಕೂರಿಸಿ ಮಗ್ಗಿ ಹೇಳಿಸಿದವನು. ಅಂಥವನೇ ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ, ನನಗೇನೂ ನಷ್ಟವಿಲ್ಲ. ಕಿವಿಯಾರೆ ಕೇಳಿದ್ದನ್ನು ಒಂದಕ್ಷರ ಹೆಚ್ಚು ಕಮ್ಮಿ ಮಾಡದೆ ಹೇಳುತ್ತೇನೆ.

ನಮ್ಮ ಶಾಲೆ ಇರುವುದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಒಂದು ದಿನ ಸಮುದ್ರದ ಪಾಠ ಮಾಡುತ್ತಾ, ಅಲೆ ಎಂದರೇನು ಎಂದು ಕೇಳಿದೆ. ಏಳನೇ ತರಗತಿಯ ಪವಿತ್ರ ಎದ್ದು ನಿಂತು, "ಬೋರ್ ಹೊಡ್ದಾಗ ನೀರು ಚಿಮ್ತೈತಲ್ಲ, ಅದಾ ಸಾರ್?" ಎಂದಳು.

ಈ ಮಕ್ಕಳಿಗೆ ಸಮುದ್ರ ತೋರಿಸಲೇಬೇಕೆಂದು ಹಟ ಹಿಡಿದು ಪರಿಚಯದವರ ಪ್ರೊಜೆಕ್ಟರ್ ಹೊತ್ತು ತಂದೆ. ಕಡಲಿನ ಬಗ್ಗೆ, ನೀರಿನ ಶಕ್ತಿಯ ಬಗ್ಗೆ ಎರಡು ಸಾಕ್ಷ್ಯಚಿತ್ರಗಳೂ ಸಿಕ್ಕವು.

ನಾನು ತಪ್ಪು ಮಾಡಿದ್ದು ಜಾಗದ ವಿಷಯದಲ್ಲಿ. ಶಾಲೆಯ ಅಂಗಳಕ್ಕೆ ಬೀದಿದೀಪದ ಬೆಳಕು ಬೀಳುತ್ತಿತ್ತು. ಅದಕ್ಕೇ ಊರಾಚೆಯ ಒಣಕೆರೆಯ ಅಂಗಳ ಆರಿಸಿದೆ. ವರ್ಷಗಳಿಂದ ಅಲ್ಲಿ ಹನಿ ನೀರಿಲ್ಲ, ಹುಡುಗರು ಕ್ರಿಕೆಟ್ ಆಡುತ್ತಾರೆ. ಎರಡು ಜಾಲಿ ಮರಗಳಿಗೆ ಶಾಮಿಯಾನದ ಬಿಳಿ ಬಟ್ಟೆ ಕಟ್ಟಿ, ಪಕ್ಕದಲ್ಲಿ ಜನರೇಟರ್ ಇಟ್ಟೆವು.

ಮೂವತ್ತೊಂದು ಮಕ್ಕಳು. ದೊಡ್ಡವರೆಂದರೆ ನಾನು ಮತ್ತು ಪವಿತ್ರಳ ಅಜ್ಜಿ ಈರಮ್ಮ, ಇಬ್ಬರೇ. ಕುರಿ ಕಾಯುತ್ತಲೇ ಮುದುಕಿಯಾದವಳು. ತನ್ನ ಕರಿ ಕಂಬಳಿಯನ್ನು ಮೊಮ್ಮಗಳಿಗೆ ಹೊದಿಸಿ, ತಾನು ಹಿಂದೆ ಬಂದು ಕೂತಿದ್ದಳು.

ಏಳೂವರೆಗೆ ಚಿತ್ರ ಶುರುವಾಯಿತು. ನಮ್ಮ ತಲೆಯ ಮೇಲೆ ನಕ್ಷತ್ರಗಳು, ದೂರದ ಗುಡ್ಡಗಳ ಮೇಲೆ ಮಾತ್ರ ಆಗಾಗ ಮಿಂಚು. ಎರಡನೇ ಚಿತ್ರದಲ್ಲಿ ಆಳೆತ್ತರದ ಅಲೆಗಳು ಬಂದು ದೋಣಿಗಳನ್ನು ಎತ್ತಿ ಒಗೆಯುತ್ತಿದ್ದವು. ಮಕ್ಕಳ ಉಸಿರೇ ಕೇಳುತ್ತಿರಲಿಲ್ಲ.

"ಇಷ್ಟು ನೀರು ಇಟ್ಕಂಡು ನಮ್ಗೊಂದು ಬಿಂದಿಗೆ ಕೊಡಾಕೆ ಅಳ್ತಾನಲ್ಲ ಮೇಷ್ಟ್ರೇ ಆ ದ್ಯಾವ್ರು" ಎಂದು ಈರಮ್ಮ ಗೊಣಗಿದಳು.

ಚಿತ್ರ ಮುಗಿಯಿತು. ಜನರೇಟರ್ ನಿಲ್ಲಿಸಿದೆ. ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದಂಥ ಕತ್ತಲು.

ಆದರೆ ನೀರಿನ ಸದ್ದು ನಿಲ್ಲಲಿಲ್ಲ...

"ಸಾರ್, ಸ್ಪೀಕರ್ ಆಫ್ ಮಾಡಿಲ್ವಾ?" ಎಂದು ಯಾವುದೋ ಹುಡುಗಿ ಕೇಳಿದಳು. ಆಫ್ ಮಾಡಿದ್ದೆ. ಕಿತ್ತ ವೈರು ನನ್ನ ಕೈಯಲ್ಲೇ ಇತ್ತು.

ಮೂಗಿಗೆ ತಣ್ಣನೆಯ ಕೆಸರಿನ ವಾಸನೆ ಬಡಿಯಿತು. ಕೊಳೆತ ಎಲೆ, ಹಳೇ ಬಾವಿಯ ತಳ... ಅಂಥ ವಾಸನೆ. ಈರಮ್ಮ ದಿಗ್ಗನೆದ್ದಳು.

"ಹಳ್ಳ ಬಂತು! ಗುಡ್ಡದ ಮ್ಯಾಲೆ ಮಳೆ ಆಗೈತೆ. ಏಳ್ರೋ, ಏರಿ ಹತ್ರೋ!"

ಮಕ್ಕಳು ಚೀರುತ್ತಾ ಏರಿಯತ್ತ ಓಡಿದರು. ಪ್ರೊಜೆಕ್ಟರ್ ಬಗಲಲ್ಲಿ ಅವುಚಿಕೊಂಡು ನಾನೂ ಹತ್ತಿದೆ. ಕೆಳಗೆ ಕತ್ತಲಲ್ಲಿ ಏನೋ ಸರಸರ ಹರಿದು ಬರುತ್ತಿತ್ತು. ಮೂವತ್ತೊಂದು ಮನೆಗಳಿಗೆ ನಾನು ಉತ್ತರ ಕೊಡಬೇಕಿತ್ತು.

ಜೇಬಿನಿಂದ ಹಾಜರಿ ಪಟ್ಟಿ ತೆಗೆದು, ಅದರ ಮೇಲೆ ಮೊಬೈಲಿನ ಬೆಳಕು ಹಿಡಿದು ಒಂದೊಂದೇ ಹೆಸರು ಕೂಗಿದೆ. ಕತ್ತಲಿಂದ ಒಂದೊಂದೇ ದನಿ ಬಂತು. "ಹಾಜರ್ ಸಾರ್." "ಹಾಜರ್ ಸಾರ್."

"ಪವಿತ್ರ."

"ಹಾಜರ್ ಸಾರ್." ಸಾಲಿನ ತುದಿಯಿಂದ, ಸ್ಪಷ್ಟವಾಗಿ.

ಮೂವತ್ತೊಂದಕ್ಕೂ ಗುರುತು ಹಾಕಿದೆ. ಹೋದ ಜೀವ ಬಂದಂತಾಯಿತು. "ಎಲ್ಲಾರೂ ಇದಾರೆ, ನಡೀರಿ ಮನೆಗೆ" ಎಂದೆ.

ಈರಮ್ಮ ಅಲುಗಲಿಲ್ಲ. "ತಡೀರಿ ಮೇಷ್ಟ್ರೇ. ಕುರಿ ರೊಪ್ಪಕ್ಕೆ ಕೂಡಾಗ ನಾವು ದನಿ ಎಣಿಸಲ್ಲ. ಬಾಗ್ಲಾಗೆ ನಿಂತು ಬೆನ್ನು ಮುಟ್ಟಿ ಎಣಿಸ್ತೀವಿ. ಕತ್ತಲಾಗೆ ದನಿ ನಂಬಬಾರ್ದು."

ನನಗೆ ರೇಗಿತು. "ನಿಮ್ಮ ಮೊಮ್ಮಗಳ ದನಿ ನೀವೇ ಕೇಳಿಲ್ವೇನಮ್ಮ?"

"ಕೇಳಿದೀನಿ. ಆದ್ರೂ ಮುಟ್ಟಾಣ."

ಏರಿಯ ಇಕ್ಕಟ್ಟಾದ ಕಡೆ ನಿಂತು ಪ್ರತಿ ಮಗುವಿನ ತಲೆ ಮುಟ್ಟಿ ಆಚೆಗೆ ಬಿಟ್ಟಳು. ಮೂವತ್ತು. ಮತ್ತೆ ಈಚೆಗೆ ಕರೆದು ನಾನೇ ಮುಟ್ಟಿದೆ. ಮೂವತ್ತೇ. ಈರಮ್ಮನ ಮೊಮ್ಮಗಳೇ ಇರಲಿಲ್ಲ.

"ಪವಿತ್ರಾ!" ಎಂದು ಕೂಗಿದೆ.

ಈ ಸಲ ಯಾರೂ ಓಗೊಡಲಿಲ್ಲ... ಕೆಳಗೆ ನೀರು ಮಾತ್ರ ಸದ್ದು ಮಾಡುತ್ತಿತ್ತು.

ಹೇಗೆ ಇಳಿದೆನೋ ಗೊತ್ತಿಲ್ಲ. ನೀರು ಮೊಣಕಾಲಿಗೆ ಬಂದಿತ್ತು, ಒಳಗಿನ ಮುಳ್ಳು ಕಾಲಿಗೆ ಚುಚ್ಚುತ್ತಿತ್ತು. ಮೊಬೈಲ್ ಬೆಳಕಲ್ಲಿ ಬಿಳಿ ಬಟ್ಟೆ ಅರ್ಧ ಮುಳುಗಿ ಆಡುತ್ತಿತ್ತು. ಅದರ ಪಕ್ಕದ ಜಾಲಿ ಮರದ ಬುಡದ ದಿಬ್ಬದ ಮೇಲೆ ಕಪ್ಪಗೆ ಒಂದು ಗಂಟು. ಕಂಬಳಿ! ಒಳಗೆ ಪವಿತ್ರ ಮುದುರಿ ಮಲಗಿದ್ದಳು. ಕತ್ತಲಲ್ಲಿ ಕರಿ ಕಂಬಳಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನೀರು ಅವಳಿಂದ ಒಂದು ಗೇಣು ದೂರದಲ್ಲಿತ್ತು.

ಎತ್ತಿಕೊಂಡು ಬಂದೆ. ಮೈ ಒದ್ದೆಯಾಗಿರಲಿಲ್ಲ, ಕಂಬಳಿಯೂ ಒದ್ದೆಯಾಗಿರಲಿಲ್ಲ. ಬಾಯಿಯ ಸುತ್ತ ಮಾತ್ರ ಹಸಿ ಕೆಸರು. ನಾನೇ ಅಂಗಿಯ ತುದಿಯಿಂದ ಒರೆಸಿದೆ. ಈರಮ್ಮ ಮೊಮ್ಮಗಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ನಾನೂ ಅತ್ತೆ, ಅದನ್ನು ಮುಚ್ಚಿಡುವುದೇನಿದೆ?

ಬೆಳಗ್ಗೆ ಊರಿಗೆ ಊರೇ ಕೆರೆ ನೋಡಲು ಬಂದಿತ್ತು. ಯಾರೋ ಗೆಳತಿ ತಮಾಷೆಗೆ ಪವಿತ್ರಳ ಬದಲು ಹಾಜರಿ ಹೇಳಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಎಲ್ಲರನ್ನೂ ಬೇರೆ ಬೇರೆಯಾಗಿ ಕರೆದು ಕೇಳಿದೆ. ಯಾರೂ ಒಪ್ಪಲಿಲ್ಲ. ನಾನೂ ಅದನ್ನು ಅಲ್ಲಿಗೇ ಬಿಟ್ಟೆ.

ಮೂರು ದಿನ ಬಿಟ್ಟು ಪವಿತ್ರ ಶಾಲೆಗೆ ಬಂದಳು. ಮಧ್ಯಾಹ್ನ ಊಟದ ಬೆಲ್ ಹೊಡೆದ ಮೇಲೆ ನನ್ನ ಮೇಜಿನ ಹತ್ತಿರ ಸುಮ್ಮನೆ ನಿಂತಳು.

"ಸಾರ್, ಅವತ್ತು ನೀವು ನನ್ ಹೆಸ್ರು ಕೂಗಿದ್ರಿ ಅಲ್ವಾ?"

"ಹೌದಮ್ಮ. ನಿನಗೆ ನಿದ್ದೆ ಬಂದಿತ್ತು."

"ಇಲ್ಲ ಸಾರ್... ಎಚ್ಚರ ಆಗಿತ್ತು. ಹಾಜರ್ ಅನ್ನಾಕೆ ಬಾಯಿ ತೆಗ್ದೆ." ಅವಳು ಕಿಟಕಿಯಾಚೆ ನೋಡಿ ದನಿ ತಗ್ಗಿಸಿದಳು. "ಯಾರೋ ಒದ್ದೆ ಕೈಯಾಗೆ ಬಾಯಿ ಮುಚ್ಚಿದ್ರು. ಆಮ್ಯಾಕೆ ಏರಿ ಮ್ಯಾಲಿಂದ ನನ್ ದನಿ ನಂಗೇ ಕೇಳಿಸ್ತು."

ಅವಳನ್ನು ಊಟಕ್ಕೆ ಕಳಿಸಿದೆ.

ಈಗ ಕೆರೆಯಲ್ಲಿ ನೀರಿದೆ. ಊರಿಗೆಲ್ಲ ಖುಷಿ. ನಾನು ಮಾತ್ರ ಹಗಲಲ್ಲೂ ಹಾಜರಿ ಕೂಗುವುದನ್ನು ಬಿಟ್ಟಿದ್ದೇನೆ. ಬಾಗಿಲಲ್ಲಿ ನಿಂತು, ಒಳಗೆ ಬರುವ ಒಂದೊಂದು ಮಗುವಿನ ತಲೆ ಮುಟ್ಟಿ ಗುರುತು ಹಾಕುತ್ತೇನೆ.