ಮಗ್ಗದಿಂದ ಕಂಬಳಿ ಇಳಿಯುವ ತನಕ

ಹುಣಸೆಬೀಜ ಹುರಿಯುವ ವಾಸನೆ ಮೂಗಿಗೆ ಬಿದ್ದರೆ ಸಾಕು, ಬೇಸಿಗೆಯ ಉರಿಬಿಸಿಲಿನಲ್ಲಿ ಕೂತಿದ್ದರೂ ನನಗೆ ಚಳಿಯಾಗುತ್ತದೆ. ಮೊನ್ನೆ ಪಕ್ಕದ ಮನೆಯ ಹುಡುಗರು ಹಿತ್ತಲಲ್ಲಿ ತಗಡಿನ ಮೇಲೆ ಒಂದು ಹಿಡಿ ಬೀಜ ಹುರಿದುಕೊಂಡು ಕಟಕಟ ಅಗಿಯುತ್ತಿದ್ದರು. ನಾನು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡೆ. ಮೊಮ್ಮಗಳು ನೋಡಿ, "ಏನಜ್ಜಿ, ಜ್ವರಾನಾ?" ಎಂದಳು. ಜ್ವರವಲ್ಲ ಕಣೇ, ನಮ್ಮ ತಾತನ ಮನೆ ಎಂದರೆ ಅವಳು ನನಗೆ ಅರಳುಮರಳು ಎಂದುಕೊಂಡಾಳು. ನಿಮಗಾದರೆ ಹೇಳಬಹುದು. ನಿಮ್ಮ ಮೂಗಿನಲ್ಲೂ ಅಂಥದೊಂದು ವಾಸನೆ, ಅದರ ಹಿಂದೆ ಈಗಿಲ್ಲದ ಒಂದು ಮನೆ ಇದ್ದೇ ಇರುತ್ತದೆ.

ನಮ್ಮ ಮನೆ ಮಧುಗಿರಿಗೆ ಒಂದು ಹರದಾರಿ ದೂರದ ಹಳ್ಳಿಯಲ್ಲಿತ್ತು. ಮೈಸೂರು ಮಹಾರಾಜರ ಕಾಲ. ಅಂಗಳದಲ್ಲಿ ನಿಂತರೆ ಬೆಟ್ಟ ಕಾಣುತ್ತಿತ್ತು, ಬುಡದಿಂದ ನೆತ್ತಿಯವರೆಗೆ ಒಂದೇ ಬಂಡೆ. ಮಾಗಿಯ ಬೆಳಗಿನಲ್ಲಿ ಮಂಜು ಇಳಿದು ಆ ಬೆಟ್ಟವೇ ಮಾಯವಾಗುತ್ತಿತ್ತು. ರಾಗಿ ಕುಯ್ದು ಮೆದೆ ಹಾಕಿದ ಮೇಲೆ ಹೊಲದಲ್ಲಿ ಉಳಿಯುತ್ತಿದ್ದದ್ದು ಅವರೆ. ಇಬ್ಬನಿ ಬಿದ್ದರೇ ಅವರೆಗೆ ಸೊಗಡು. ಹಾಗಾಗಿ ಬಿಸಿಲೇರುವ ಮೊದಲೇ ಕಾಯಿ ಕಿತ್ತು ಕುಕ್ಕೆ ತುಂಬಬೇಕು. ಕಿತ್ತ ಕೈಗೆ ಜಿಡ್ಡು ಹತ್ತಿ ಬೆರಳೆಲ್ಲ ಕಪ್ಪಾಗುತ್ತಿದ್ದವು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಕೈಯನ್ನೇ ಮೂಸುತ್ತ ನಾವು ಮಕ್ಕಳು ಒಲೆಯ ಮುಂದೆ ಕೂರುತ್ತಿದ್ದೆವು. ಅಜ್ಜಿ ಈಚಲು ಗರಿ ಸೀಳಿ ಚಾಪೆ ಹೆಣೆಯುತ್ತಿದ್ದಳು. ಅವ್ವ ಬೆಣ್ಣೆ ಕಾಯಿಸಿ ತುಪ್ಪ ಮಾಡುತ್ತಿದ್ದಳು. ಸಂತೆಯ ದಿನ ಗಾಡಿಯಲ್ಲಿ ಅವರೆಕಾಯಿ, ಚಾಪೆ, ತುಪ್ಪದ ಗಡಿಗೆ, ಎಲ್ಲಕ್ಕಿಂತ ಮೇಲೆ ತಾತನ ಕಂಬಳಿಗಳು. ಅದರ ಮೇಲೆ ನಾನು, ರಾಣಿಯ ಹಾಗೆ.

ಕಂಬಳಿಯ ವಿಷಯದಲ್ಲಿ ತಾತನ ಜಂಬ ಹೇಳತೀರದು. ಸಂತೆಯಲ್ಲಿ ಯಾರಾದರೂ ಕಂಬಳಿಯನ್ನು ಹಿಸುಕಿ ನೋಡಿ ಮೂಗು ಮುರಿದರೆ, ನಾಲ್ಕೂ ಮೂಲೆ ನಾಲ್ಕು ಜನರ ಕೈಗೆ ಕೊಟ್ಟು ನಡುವೆ ಒಂದು ಚೆಂಬು ನೀರು ಹೊಯ್ಯುತ್ತಿದ್ದ. "ಕೆಳಗೆ ಬಗ್ಗಿ ನೋಡಪ್ಪಾ, ಒಂದು ತೊಟ್ಟು ಬಿತ್ತಾ?" ಎನ್ನುತ್ತಿದ್ದ. ಬೀಳುತ್ತಿರಲಿಲ್ಲ. ಅದರ ಗುಟ್ಟು ಹುಣಸೆಬೀಜ. ಚಳಿಗಾಲ ಬಂತೆಂದರೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ, ರುಬ್ಬಿ, ದೊಡ್ಡ ಹಂಡೆಯಲ್ಲಿ ಗಂಜಿ ಕಾಯಿಸುತ್ತಿದ್ದರು. ನೂತ ಉಣ್ಣೆಯ ಉದ್ದನೆಯ ಎಳೆಗಳನ್ನು, ಅಂದರೆ ಹಾಸನ್ನು, ಬೀದಿಯುದ್ದಕ್ಕೂ ಗೂಟಕ್ಕೆ ಕಟ್ಟಿ ಆ ಗಂಜಿ ಬಳಿದು ಬಿಸಿಲಿಗೆ ಒಣಗಿಸುತ್ತಿದ್ದರು. ಮೇಕೆಗಳಿಗೆ ಆ ಗಂಜಿ ಎಂದರೆ ಪ್ರಾಣ. ನೆಕ್ಕಲು ಬಂದ ಮೇಕೆಗಳನ್ನು ಓಡಿಸುವ ಕೆಲಸ ನಮ್ಮದು, ನಮ್ಮನ್ನು ಬೈಯುವ ಕೆಲಸ ಅಜ್ಜಿಯದು. ಒಣಗಿದ ಹಾಸು ಮಗ್ಗಕ್ಕೇರುತ್ತಿತ್ತು. ತಾತ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಸಂಜೆಯವರೆಗೂ ಲಾಳಿಯ ಸದ್ದು. ಆ ಸದ್ದಿಲ್ಲದ ಮನೆಯನ್ನು ನಾನು ಊಹಿಸಿಯೂ ಇರಲಿಲ್ಲ.

ತಾತನಿಗೆ ಉಣ್ಣೆ ನೂತು ಕೊಡುತ್ತಿದ್ದವಳು ಈರತ್ತೆ, ನಮ್ಮಪ್ಪನ ತಂಗಿ. ಅವಳನ್ನು ಪಾವಗಡದಾಚೆ ವೈ.ಎನ್. ಹೊಸಕೋಟೆಯ ಕಡೆ ಮದುವೆ ಮಾಡಿ ಕೊಟ್ಟಿದ್ದರು. ಒಂದು ದಿನ ಆ ಕಡೆಯ ಗಾಡಿಯೊಂದರಿಂದ ಒಬ್ಬಳೇ ಇಳಿದು ಬಂದಳು. ಬಾಗಿಲಲ್ಲಿ ನಿಂತವಳನ್ನು ಅವ್ವ ಮೊದಲು ಗುರುತೇ ಹಿಡಿಯಲಿಲ್ಲ, ಅಷ್ಟು ಸೊರಗಿದ್ದಳು. ಅಜ್ಜಿ ಏನನ್ನೂ ಕೇಳದೆ ಒಲೆಯ ಮುಂದೆ ಕೂರಿಸಿ ಮುದ್ದೆ ಇಕ್ಕಿದಳು. ಅತ್ತೆ ಅದನ್ನು ಉಂಡು, ಖಾಲಿ ಗಂಗಳ ನೋಡುತ್ತ ಸುಮ್ಮನೆ ಕೂತಿದ್ದಳು. ಅಜ್ಜಿ ಇನ್ನೊಂದು ಮುದ್ದೆ ಇಕ್ಕಿದಳು. ಆಗ ನೋಡಿ, ತುತ್ತು ಕೈಯಲ್ಲಿರುವಾಗಲೇ ಅತ್ತೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು.

ಅಜ್ಜಿ ದಿನಾ ಅಷ್ಟಷ್ಟೇ ಕೇಳಿ ಹೊರಗೆಳೆದ ಕತೆ ಇದು. ಗಂಡನ ಮನೆಯಲ್ಲಿ ಮಾತೆಲ್ಲ ತೆಲುಗು. ಅತ್ತೆಗೆ ಬರುತ್ತಿದ್ದದ್ದು ನಾಲ್ಕೇ ಪದ, ಅದರಲ್ಲಿ 'ಚಾಲಾ' ಎಂದರೆ ಬಹಳ ಎಂದು ಯಾರೋ ಹೇಳಿಕೊಟ್ಟಿದ್ದರು. ಮೊದಲ ದಿನ ಊಟಕ್ಕೆ ಕೂತಾಗ ಅವಳತ್ತೆ ಸೌಟು ಹಿಡಿದು "ಚಾಲಾ?" ಎಂದು ಕೇಳಿದಳಂತೆ. ಬಹಳ ಹಾಕಲಾ ಎನ್ನುತ್ತಿದ್ದಾಳೆ, ಎಂಥ ಒಳ್ಳೆಯ ಅತ್ತೆ ಎಂದುಕೊಂಡು ಇವಳು ಹೂಂ ಎಂದು ತಲೆಯಾಡಿಸಿದಳು. ಸೌಟು ವಾಪಸು ಹೋಯಿತು! ಅವರು ಕೇಳಿದ್ದು ಸಾಕಾ ಎಂದು. ಆ ಮಾತಿಗೆ ಎರಡು ಅರ್ಥ ಎಂದು ಇವಳಿಗೇನು ಗೊತ್ತು ಪಾಪ? ಮರುದಿನವೂ ಚಾಲಾ, ಮರುದಿನವೂ ಹೂಂ. ನಮ್ಮ ಸೊಸೆಯ ಹೊಟ್ಟೆ ಗುಬ್ಬಚ್ಚಿಯ ಹೊಟ್ಟೆ ಎಂದು ಆ ಯಮ್ಮ ಬೀದಿಯಲ್ಲೆಲ್ಲ ಹೊಗಳಿಕೊಂಡು ಬಂದಿತು. ಅರ್ಥ ತಿಳಿದ ಮೇಲೆ ಅತ್ತೆ ಒಂದು ದಿನ ಬಾಯಿಬಿಟ್ಟು ಇನ್ನೊಂದು ಚೂರು ಎಂದಳು. "ಇಷ್ಟು ದಿನ ಇಲ್ಲದ ಹಸಿವು ಈಗೆಲ್ಲಿಂದ ಬಂತು?" ಎಂದು ಎಲ್ಲರ ಮುಂದೆ ಆ ಯಮ್ಮ ನಕ್ಕಿತು. ಅತ್ತೆ ಮತ್ತೆಂದೂ ಕೇಳಲಿಲ್ಲ. ಗಂಡನಿಗೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಗಂಡಸರು ಮೊದಲು ಉಂಡು ಎದ್ದು ಹೋಗುತ್ತಿದ್ದರು. ಹೆಂಡತಿಯ ಗಂಗಳದಲ್ಲಿ ಏನಿದೆ ಎಂದು ಬಗ್ಗಿ ನೋಡುವ ಗಂಡಸು ಆ ಕಾಲದಲ್ಲಿ ಯಾವ ಸೀಮೆಯಲ್ಲಿದ್ದ?

ಆ ಗಂಡ, ಅಂಜಿನಪ್ಪ ಮಾವ, ಆ ವರ್ಷದ ಚಳಿಗಾಲದಲ್ಲೇ ಕಡಲೆಕಾಯಿ ಗಾಡಿಗಳ ಜೊತೆ ಬಂದ. ಹೆಗಲ ಮೇಲೆ ಒಂದು ಮೂಟೆ ಕಡಲೆಕಾಯಿ. ಅದನ್ನವನು 'ಸೆನಕ್ಕಾಯ್' ಎನ್ನುತ್ತಿದ್ದ, ನಾವು ಮಕ್ಕಳು ಅವನನ್ನೇ ಸೆನಕ್ಕಾಯ್ ಮಾವ ಎಂದು ಕರೆದೆವು. ಒಳ್ಳೆಯ ಮನುಷ್ಯ, ಸ್ವಲ್ಪ ಪೆದ್ದ. ಜಗಲಿಯ ಅಂಚಿನಲ್ಲಿ ಮುದುಡಿ ಕೂತು, "ಮಾವಾ, ಕರ್ಕೊಂಡು ಹೋಗಾನಾಂತ ಬಂದೆ" ಎಂದ. ತಾತ ಗುಣಿಯಿಂದ ತಲೆಯೆತ್ತಲಿಲ್ಲ.

"ಹಾಸು ಹೂಡೈತಲ್ಲಾ, ಅಳಿಯಂದಿರೇ."

"ಅಂದ್ರೆ ಮಾವಾ?"

"ಮಗ್ಗದ ಮ್ಯಾಲೆ ಕಂಬ್ಳಿ ಇರೋವಾಗ ಮನೆ ಹೆಣ್ಮಗಳ್ನ ಕಳ್ಸಂಗಿಲ್ಲ. ನಮ್ಮಲ್ಲಿ ಸಾಸ್ತ್ರ. ಕಂಬ್ಳಿ ಇಳೀಲಿ, ಆಮ್ಯಾಕೆ ನೋಡಾನ."

ಒಲೆ ಊದುತ್ತಿದ್ದ ಅಜ್ಜಿಗೆ ಹೊಗೆ ನೆತ್ತಿಗೇರಿತು. ಅಳಿಯ ಕೈಕಾಲು ತೊಳೆಯಲು ಹೊರಗೆ ಹೋದದ್ದೇ ತಡ, ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ಇದ್ಯಾವಾಗ ಬಂತು ಈ ಸಾಸ್ತ್ರ? ಈ ಮನೇಲಿ ನನ್ನ ಹಲ್ಲೆಲ್ಲಾ ಉದುರೋದ್ವು, ಒಂದಿನ ಕೇಳ್ಲಿಲ್ವಲ್ಲಾ!"

"ಇವತ್ತು ಬಂತು. ಸುಮ್ಕಿರು" ಎಂದ ತಾತ.

ಮಾವ ಪಾಪ ನಂಬಿದ. ಕಂಬಳಿ ಇಳಿಯಲಿ ಎಂದು ಕಾದು ಕೂತ. ತಾತ ಏನು ಮಾಡಿದ ಗೊತ್ತೇ? ಹಳೆಯ ಹಾಸು ಇನ್ನೇನು ಮುಗಿಯುತ್ತದೆ ಎನ್ನುವಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಗಂಟು ಹಾಕಿಬಿಟ್ಟ. ಕಂಬಳಿ ಇಳಿಯಿತು, ಅದರ ಬಾಲ ಹಿಡಿದುಕೊಂಡು ಇನ್ನೊಂದು ಬಂದೇ ಬಂತು. ಮಗ್ಗ ಬರಿದಾಗಲೇ ಇಲ್ಲ. "ಏಂ ಚೇಸೇದಿ", ಏನು ಮಾಡೋದು ಎಂದು ತಲೆ ಕೆರೆದುಕೊಂಡು ಮಾವ ಕಡಲೆಕಾಯಿ ಬಿಟ್ಟು ಹೊರಟುಹೋದ. ನಾವು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಮಾಷೆ ಎಂದರೆ, ಊರಿನ ಇತರ ನೇಕಾರರೂ ಆ ಶಾಸ್ತ್ರವನ್ನು ನಿಜವೆಂದೇ ಪಾಲಿಸತೊಡಗಿದರು. ನನಗೆ ಮದುವೆಯಾದ ಮೇಲೂ ಅಲ್ಲಿ ಅದು ನಡೆಯುತ್ತಿತ್ತು.

ಮರುವರ್ಷವೂ ಮಾವ ಬಂದ, ಮಗ್ಗದ ಮೇಲೆ ಹಾಸು ಇತ್ತು. ಆದರೆ ಈ ಸಲ ಅವನು ಸುಮ್ಮನೆ ಕೂರಲಿಲ್ಲ. ಅತ್ತೆಯ ಹಿಂದೆ ಅವರೆ ಕೀಳಲು ಹೊಲಕ್ಕೆ ಬಂದ. ನಾನೂ ಇದ್ದೆ. ಎದುರಿಗಿದ್ದವರ ಮುಖ ಕಾಣದಷ್ಟು ಮಂಜು. ಎಳೆಗಾಯಿ ಯಾವುದು, ಬಲಿತದ್ದು ಯಾವುದು ಎಂದು ಅತ್ತೆ ಹೇಳಿಕೊಡುತ್ತಿದ್ದಳು, ಅವನು ತಪ್ಪುತಪ್ಪಾಗಿ ಕೀಳುತ್ತಿದ್ದ, ಅವಳು ನಗುತ್ತಿದ್ದಳು. ಅತ್ತೆಗೆ ಅಂಥ ನಗು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಆಮೇಲೆ ಮೆಲ್ಲಗೆ ಏನೋ ಹೇಳತೊಡಗಿದಳು. ಚಾಲಾ ಎನ್ನುವ ಮಾತು ನನ್ನ ಕಿವಿಗೂ ಬಿತ್ತು. ಮಾವ ಬದುವಿನ ಮೇಲೆ ಕುಸಿದು ಕೂತು ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ ದೇವುಡಾ, ನಾಕು ತೆಲೀದೇ, ಗೊತ್ತೇ ಇರ್ಲಿಲ್ಲ! ನಂಗೊಂದು ಮಾತು ಹೇಳಬಾರ್ದಾ!" ಎಂದ. ಅವನ ಕೈ ಹಿಡಿದು ತಡೆದವಳು ಅತ್ತೆಯೇ. ಮನೆಗೆ ಬಂದು ನಾನು ಇದನ್ನೆಲ್ಲ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಾತ ಆಗಲೇ ಹೊಸ ಹಾಸಿನ ಎಳೆಗಳನ್ನು ಗಂಟು ಹಾಕುತ್ತಿದ್ದ. ಮಗಳನ್ನು ಮತ್ತೆ ಆ ಹಸಿವಿಗೆ ಕಳಿಸಲಾರೆ ಎಂಬ ಹಟ ಅವನದು, ಅದು ತಪ್ಪು ಎಂದು ನಾನು ಇವತ್ತಿಗೂ ಹೇಳಲಾರೆ.

ಮೂರನೆಯ ಚಳಿಗಾಲದಲ್ಲಿ ಬಂದಾಗ ಮಾವನ ತಲೆ ಬೋಳಾಗಿತ್ತು. ಅವನವ್ವ ತೀರಿಕೊಂಡಿದ್ದಳು. ಕರೆದುಕೊಂಡು ಹೋಗುತ್ತೇನೆ ಎಂದೂ ಕೇಳಲಿಲ್ಲ, ಜಗಲಿಯಲ್ಲಿ ಸುಮ್ಮನೆ ಕೂತ. ತಾತ ಒಂದು ಗಳಿಗೆ ಅವನನ್ನು ನೋಡಿ, ಆಮೇಲೆ ಹೊಸ ಹಾಸಿನ ಉಂಡೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಆಗ ಅತ್ತೆ ರಾಟೆ ಬಿಟ್ಟು ಎದ್ದು ಬಂದು ಗುಣಿಯ ಅಂಚಿನಲ್ಲಿ ನಿಂತಳು.

"ಅಪ್ಪಾ, ಈ ಸಲ ಗಂಟು ಹಾಕ್ಬ್ಯಾಡ."

ತಾತ ಉಂಡೆಯಿಂದ ಕೈ ತೆಗೆದು ತಲೆಯೆತ್ತಿದ. "ಯಾಕವ್ವಾ? ಈ ಮನೇಲಿ ನಿಂಗೇನು ಕಮ್ಮಿಯಾಗೈತೆ?"

"ಏನೂ ಕಮ್ಮಿಯಾಗಿಲ್ಲ ಕಣಪ್ಪಾ. ಹೊಟ್ಟೆ ತುಂಬೈತೆ. ಅದುಕ್ಕೇ ಹೋಯ್ತೀನಿ." ಆಮೇಲೆ ಹೇಳಿದಳು, "ಹೋಯ್ತೀಯಾ ಇರ್ತೀಯಾ ಅಂತ ನನ್ನ ಯಾರೂ ಕೇಳ್ನೇ ಇಲ್ವಲ್ಲಾ."

ನಿಜ, ಯಾರೂ ಕೇಳಿರಲಿಲ್ಲ. ಅವಳನ್ನು ಉಳಿಸಿಕೊಳ್ಳುವ ಸಂಭ್ರಮದಲ್ಲಿ ಕೇಳುವುದನ್ನೇ ಮರೆತಿದ್ದೆವು. ತಾತ ಹೊಸ ಹಾಸನ್ನು ಪಕ್ಕಕ್ಕಿಟ್ಟ. ಉಳಿದಿದ್ದ ಎರಡು ಮೊಳವನ್ನು ಎಷ್ಟು ನಿಧಾನವಾಗಿ ನೇಯ್ದ ಎಂದರೆ, ಕಂಬಳಿ ಮುಗಿಸಲು ಅವನು ಅಷ್ಟು ದಿನ ತೆಗೆದುಕೊಂಡದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ಎಳೆಗಳನ್ನು ಕತ್ತರಿಸಿ, ಕಂಬಳಿಯನ್ನು ಮಡಿಸಿ ಅತ್ತೆಯ ಕೈಗೆ ಕೊಟ್ಟ. ಬರಿದಾದ ಮಗ್ಗವನ್ನು ನಾನು ಮೊದಲ ಸಲ ನೋಡಿದ್ದು ಅವತ್ತು.

ಮರುದಿನ ಬೆಳಿಗ್ಗೆ ಗಾಡಿ ಹೊರಟಿತು. ಅಜ್ಜಿ ಒಂದು ಕುಕ್ಕೆ ಅವರೆಕಾಯಿ, ಎರಡು ಚಾಪೆ ಹಾಕಿಸಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ನಾನು ಅತ್ತೆಯ ಸೀರೆ ಹಿಡಿದುಕೊಂಡು ಬಿಡುವುದಿಲ್ಲ ಎಂದು ರಂಪ ಮಾಡಿ ಅವ್ವನಿಂದ ಏಟು ತಿಂದೆ. ತಾತ ಗಾಡಿಯ ಹಿಂದೆ ಕೆರೆ ಏರಿಯವರೆಗೂ ನಡೆದು ಬಂದ, ಅಲ್ಲಿಂದ ಮುಂದೆಯೂ ನಡೆದ. ನಾವು ಓಡುತ್ತ ಹಿಂಬಾಲಿಸಿದೆವು. ಅಳಿಯಂದಿರೇ ಎಂದು ಬಹುವಚನದಲ್ಲಿ ಮಾತಾಡಿಸಿ ದೂರವೇ ಇಟ್ಟಿದ್ದವನು ಗಾಡಿಯ ಪಟ್ಟಿ ಹಿಡಿದು ಮೊದಲ ಸಲ ಹೆಸರು ಕರೆದ.

"ಲೇ ಅಂಜಿನಪ್ಪಾ, ಇವ್ಳು ಇನ್ನೊಂದು ತುತ್ತು ಬೇಕು ಅಂತ ಬಾಯ್ಬುಟ್ಟು ಕೇಳೋಳಲ್ಲ ಕಣ್ಲಾ. ನೀನೂ ಬೇಕಾ ಅಂತ ಕೇಳ್ಬ್ಯಾಡ. ಇಕ್ಕು."

ಮಾವ ಗಾಡಿಯಿಂದ ಇಳಿದು ತಾತನ ಕಾಲು ಮುಟ್ಟಿ, "ಸರೇ ಮಾವಾ" ಎಂದ. ಅಷ್ಟೇ.

ಯುಗಾದಿ ಕಳೆದ ಮೇಲೆ ಅಪ್ಪ ತಂಗಿಯನ್ನು ನೋಡಿಕೊಂಡು ಬಂದ. ಬಂದವನನ್ನು ನೀರು ಕುಡಿಯಲೂ ಬಿಡದೆ ಎಲ್ಲರೂ ಮುತ್ತಿಕೊಂಡೆವು. "ಊಟಕ್ಕೆ ಕೂತ್ವಿ ಕಣಪ್ಪಾ. ಅಂಜಿನಪ್ಪ ಎದ್ದು ತಾನೇ ಮುದ್ದೆ ತಂದು ಅವ್ಳ ಗಂಗಳಕ್ಕೆ ಇಕ್ದ! ಗಂಡಸಾಗಿ! ಬೀದಿಯೋರೆಲ್ಲಾ ಆಡ್ಕೊಂಡು ನಗ್ತಾರಂತೆ, ಅವ್ನಿಗೆ ಕ್ಯಾರೇ ಇಲ್ಲ" ಎಂದ. ಅಜ್ಜಿ ಬಾಯಿಗೆ ಸೆರಗು ಹಿಡಿದುಕೊಂಡಳು. ತಾತ ಒಂದೇ ಮಾತು ಕೇಳಿದ. "ಉಂಡ್ಲಾ?" ಉಂಡಳು ಎಂದ ಅಪ್ಪ. ತಾತ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಅವನ ಬೆನ್ನು ಅಲುಗುತ್ತಿದ್ದುದು ನಮಗೆಲ್ಲ ಕಾಣುತ್ತಿತ್ತು.

ಆ ಮನೆ ಈಗಿಲ್ಲ. ತಾತ, ಅಜ್ಜಿ, ಅಪ್ಪ, ಅವ್ವ ಒಬ್ಬೊಬ್ಬರಾಗಿ ಹೋದರು. ಮಗ್ಗದ ಗುಣಿಯನ್ನು ಮುಚ್ಚಿದವರು ಯಾರೆಂದೂ ನನಗೆ ತಿಳಿಯದು. ಹೋದ ಸಲ ಆ ಕಡೆ ಹೋದಾಗ ಬೆಟ್ಟ ಮಾತ್ರ ಇದ್ದಲ್ಲೇ ಇತ್ತು, ಎಷ್ಟು ಕೋಪ ಬಂತು ಅದರ ಮೇಲೆ! ಈರತ್ತೆ ತುಂಬು ಬಾಳು ಬಾಳಿದಳು. ಇಬ್ಬರು ಗಂಡುಮಕ್ಕಳನ್ನು ಹೆತ್ತು, ಸೊಸೆಯರನ್ನು ತಂದು, ಮೈತುಂಬಿಕೊಂಡು ಓಡಾಡಿದಳು. ಅವಳ ತಿಥಿಗೆ ನಾನು ಹೋಗಿದ್ದೆ. ಮಕ್ಕಳು ಎಲೆಯ ಮೇಲೆ ಎಡೆ ಬಡಿಸಿ ಕೈಮುಗಿದು ಹಿಂದೆ ಸರಿದರು. ಮೂಲೆಯಲ್ಲಿ ಕೂತಿದ್ದ ಅಂಜಿನಪ್ಪ ಮಾವ ಗೋಡೆ ಹಿಡಿದುಕೊಂಡು ಎದ್ದ. ಕಣ್ಣು ಮಂಜಾಗಿತ್ತು. ತಡವರಿಸುತ್ತ ಒಲೆಯ ಹತ್ತಿರ ಹೋಗಿ ಇನ್ನೊಂದು ಮುದ್ದೆ ತಂದ. ಎಡೆಗೆ ಒಂದೇ ಇಡುವುದು ಎಂದು ಯಾರೋ ಹಿರಿಯರು ಹೇಳಿದರು. ಅವನು ಅವರ ಕಡೆ ತಿರುಗಿಯೂ ನೋಡದೆ, ಬಗ್ಗಿ, ಅತ್ತೆಯ ಎಲೆಗೆ ಮುದ್ದೆ ಇಕ್ಕಿದ.