ಮೀನು ಕಾಣದ ಗಡಿಗೆ

ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ, ನನಗೋ ಗಾಳ ಹಾಕುವ ಹುಚ್ಚು. ಗದಗಿನ ಕೆರೆಯಲ್ಲಿ ನಾನು ಹಿಡಿದದ್ದೆಲ್ಲ ಬೆಟಗೇರಿಯ ಗೆಳೆಯ ಮಕ್ತುಮನ ತಾಯಿಯ ಒಲೆಗೆ ಹೋಗುತ್ತಿತ್ತು. ರಾಜ್ಯ ಒಂದಾದ ವರ್ಷ, ಕಾರವಾರದಾಚೆಯ ಜನರಿಲ್ಲದ ನಡುಗಡ್ಡೆಗೆ ಹೋಗಿ ಬಂಡೆ ಮೇಲೆ ಕೂತು ಗಾಳ ಹಾಕೋಣವೆಂದು ನಾವಿಬ್ಬರೂ ನಿಶ್ಚಯಿಸಿದೆವು. ಸಮುದ್ರವನ್ನು ಇಬ್ಬರೂ ನೋಡಿರಲಿಲ್ಲ. ಮಗ್ಗದ ನೂಲು ಹೊಸೆದು ಗಾಳದ ದಾರ ಮಾಡುತ್ತ ಕೂತಿದ್ದಾಗ ಮಕ್ತುಮನ ತಾಯಿ ನನ್ನನ್ನು ಕೇಳಿದರು.

“ಅಂವ ಮೀನ ತಿಂತಾನ. ನೀ ಅಲ್ಲಿ ಏನ ತಿಂತಿ?”

“ರೊಟ್ಟಿ ಕಟ್ಟಿಕೊಂಡು ಹೋಗ್ತೀನ್ರಿ, ಅಮ್ಮಾ.”

“ಬರೇ ರೊಟ್ಟಿ ಮ್ಯಾಲ ಇರತಿ?”

ಅವರು ಒಳಗಿನಿಂದ ಹೊಸ ಮಣ್ಣಿನ ಗಡಿಗೆ ತಂದು ಮುಂದಿಟ್ಟರು.

“ಇದನ್ನ ನಮ್ಮ ಒಲಿ ಮ್ಯಾಲ ಇಟ್ಟಿಲ್ಲ. ಅನ್ನ ಇದರಾಗ ಮಾಡ್ಕೋ. ಮಕ್ತುಮನ ಕೈಯಾಗ ಕೊಡಬ್ಯಾಡ, ಮೀನ ಹಾಕ್ತಾನ.”

ಮಕ್ತುಮ ತಲೆ ಎತ್ತದೆ ದಾರ ಹೊಸೆಯುತ್ತಿದ್ದ.

ನಾವು ಊರಿಗೆ ಮರಳಿದಾಗ ಮಕ್ತುಮನ ತಾಯಿ ಮೊದಲು ಗಡಿಗೆ ಮೂಸಿ ನೋಡಿದರು.

“ಖರೆ ಹೇಳೋ, ಮೀನ ಹಾಕಿಲ್ಲ ಹೌದಲ್ಲ?” ಎಂದು ಮಗನನ್ನು ಕೇಳಿದರು.

“ಎಲ್ಲಿಂದ ಹಾಕ್ಲಿ, ಅಮ್ಮಿ? ಒಂದೂ ಸಿಗಲಿಲ್ಲ. ನಾನೂ ಇದರಾಗಿನ ಅನ್ನಾನ ಉಂಡು ಬಂದೀನಿ.”

ಆಮೇಲೆ ಆ ಗಡಿಗೆ ಅವರ ಮನೆಯಲ್ಲಿ ನನ್ನ ಹೆಸರಿಗೇ ಉಳಿಯಿತು. ಅನ್ನ ಮಾತ್ರ ಅದರಲ್ಲಿ ಯಾವಾಗಲೂ ಇಬ್ಬರಿಗಾಗುವಷ್ಟು ಮಾಡುತ್ತಿದ್ದರು.