ಎಡಭುಜದ ಒಂದಿಂಚು

ರಂಗಮಂದಿರದ ವಾದ್ಯಮೇಳದಲ್ಲಿ ಇಪ್ಪತ್ತೆರಡು ವರ್ಷದಿಂದ ಪಿಟೀಲು ನುಡಿಸುತ್ತಿದ್ದವಳನ್ನು ಎಲ್ಲರೂ ಪಿಟೀಲಕ್ಕ ಅಂತಲೇ ಕರೆಯುತ್ತಿದ್ದರು. ಆ ಮೇಳದಲ್ಲೊಂದು ಹಾಳು ಪದ್ಧತಿಯಿತ್ತು. ನೋವು ಅಂತ ಬಾಯಿಬಿಟ್ಟವರ ಕುರ್ಚಿ ಮರುವಾರವೇ ಬೇರೆಯವರ ಪಾಲು. ಹಾಗಾಗಿ ಅಲ್ಲಿ ಯಾರಿಗೂ ನೋವೇ ಇರಲಿಲ್ಲ. ಮುಲಾಮು ಹಚ್ಚುವವರು ಶೌಚಾಲಯದಲ್ಲಿ ಕದ್ದು ಹಚ್ಚಿ, ಮೇಲೆ ಸೆಂಟು ಬಳಿದುಕೊಂಡು ಬರುತ್ತಿದ್ದರು. ಪಿಟೀಲಿನ ತಂತಿ ಸಡಿಲವಾದರೆ ಅದೇ ದಿನ ರಿಪೇರಿ. ಪಿಟೀಲು ಹಿಡಿದ ಕೈ ಸಡಿಲವಾದರೆ ಮನೆಗೆ ನಡಿ. ಇದ್ಯಾವ ಸೀಮೆಯ ನ್ಯಾಯ?

ಪಿಟೀಲಕ್ಕನ ಎಡಗೈ ಕಿರುಬೆರಳು ಜೋಮು ಹಿಡಿಯತೊಡಗಿತ್ತು. ಹೊಸ ನಾಟಕದಲ್ಲಿ ಅವಳೊಬ್ಬಳೇ ನುಡಿಸಬೇಕಾದ ಭಾಗವಿತ್ತು. ಅಭ್ಯಾಸದಲ್ಲಿ ಸ್ವರ ಎರಡು ಸಲ ಜಾರಿತು.

"ವಯಸ್ಸಾಯ್ತೇನಮ್ಮ?" ಎಂದ ಮ್ಯಾನೇಜರು.

"ನಿಮಗೂ ಆಗ್ತಿದೆ ಸಾರ್, ನಾನೇನಾದ್ರೂ ಅಂದ್ನಾ?"

ಮೇಳವೆಲ್ಲ ಕಿಸಕ್ಕೆಂದಿತು. ಮ್ಯಾನೇಜರು ನಗಲಿಲ್ಲ. ಹದಿನೈದು ದಿನ ಗಡುವು ಕೊಟ್ಟ. ಆಮೇಲೂ ಜಾರಿದರೆ ಕುರ್ಚಿ ಇನ್ನೊಬ್ಬರಿಗೆ.

ರಂಗಮಂದಿರದ ಹಿಂದಿನ ಷೆಡ್ಡಿನಲ್ಲಿ ನಟರಿಗೆ ಪೆಟ್ಟಾಗದ ಹಾಗೆ ಬೀಳುವುದನ್ನು ಕಲಿಸುವ ಮುದುಕಿಯೊಬ್ಬಳಿದ್ದಳು. ಒಂದು ಕಾಲದಲ್ಲಿ ಸರ್ಕಸ್ಸಿನಲ್ಲಿ ಹಗ್ಗದ ಮೇಲೆ ನಡೆದವಳು. ಕೂತು ಮಾಡುವ ಕೆಲಸಕ್ಕೆ ಮೈಗೇನು ಪಾಠ ಅನ್ನುವ ಜಂಬದಲ್ಲಿ ವಾದ್ಯದವರು ಅತ್ತ ಸುಳಿಯುತ್ತಿರಲಿಲ್ಲ. ಪಿಟೀಲಕ್ಕ ಮೇಳದ ಕೋಟು ತೊಟ್ಟುಕೊಂಡೇ ಹೋದಳು. ಸರ್ಕಸ್ ಅಜ್ಜಿ ಪಿಟೀಲು ಮುಟ್ಟಲೂ ಬಿಡದೆ, ಒಂದು ಲೋಟ ನೀರು ಕೊಟ್ಟು ಕುಡಿ ಅಂದಳು.

"ನೀರು ಕುಡಿಯೋಕೂ ಭುಜ ಕಿವಿ ಹತ್ರ ಯಾಕೆ ಹೋಗುತ್ತೆ ಮಗಳೇ? ವಾದ್ಯ ನಿನ್ನ ಹತ್ರ ಬರಬೇಕು. ನೀನೇ ಮುದುರಿಕೊಂಡು ಅದರೊಳಗೆ ಹೊಕ್ಕೋತೀಯ. ಕೋಟು ಬಿಚ್ಚು."

ಬಿಚ್ಚಿದ ಕೋಟನ್ನು ಮುದುಕಿ ಹಿಚುಕಿ ನೋಡಿದಳು. ಬಲಭುಜದೊಳಗೆ ಮೂರು ಪದರ ಅರಿವೆ, ಎಡಭುಜದಲ್ಲಿ ಏನೂ ಇಲ್ಲ.

"ಹೊಲಿದೋನು ಯಾರು?"

"ನಮ್ಮ ಯಜಮಾನರು. ಟೈಲರು."

"ಅವನಿಗೆ ಎಲ್ಲಾ ಗೊತ್ತಿದೆ ಬಿಡು."

ಪಿಟೀಲಕ್ಕ ಮನೆಗೆ ಬಂದವಳೇ ಕೋಟನ್ನು ಹೊಲಿಗೆ ಮಿಷನ್ನಿನ ಮೇಲೆ ಎಸೆದಳು. "ಎಷ್ಟು ವರ್ಷದಿಂದ ರೀ?"

ಗಂಡ ತಲೆ ಎತ್ತಲಿಲ್ಲ. "ಒಂಬತ್ತು. ಎಡಭುಜ ಒಂದಿಂಚು ಮೇಲಿತ್ತು ಕಣೇ, ಬಲಕ್ಕೆ ಅರಿವೆ ಇಟ್ಟು ಸಮ ಮಾಡಿದೆ. ಮ್ಯಾನೇಜರ ಕಣ್ಣಿಗೆ ಬಿದ್ರೆ ನಿನ್ನ ಕುರ್ಚಿ ಹೋಗುತ್ತೆ ಅಂತ..."

"ಟೇಪು ಹಿಡಿದೋರಿಗೆ ಗೊತ್ತಿತ್ತು, ಭುಜ ಹೊತ್ತೋಳಿಗೆ ಹೇಳಲಿಲ್ಲ. ಗೋಡೆ ಬಿರುಕಿಗೆ ಸುಣ್ಣ ಬಳಿದ ಹಾಗೆ ಬಳಿದ್ರಲ್ಲ ನನಗೆ."

ಅವನು ಬ್ಲೇಡು ತೆಗೆದುಕೊಂಡು ಹೊಲಿಗೆ ಬಿಚ್ಚತೊಡಗಿದ.

ಷೆಡ್ಡಿನ ಪಾಠ ದಿನವೂ ನಡೆಯಿತು. ತಲೆಯಡಿ ಎರಡು ಪುಸ್ತಕ ಇಟ್ಟು, ಮಂಡಿ ಮಡಚಿ ಅಂಗಾತ ಮಲಗಬೇಕು. ಪಿಟೀಲನ್ನು ನುಡಿಸದೆ ಬರೀ ಎತ್ತಬೇಕು, ಇಳಿಸಬೇಕು. ಭುಜ ಮೇಲೆದ್ದರೆ ಅಜ್ಜಿ ಒಂದು ಬೆರಳಿನಿಂದ ತಟ್ಟುತ್ತಿದ್ದಳು. ಮೇಳದಲ್ಲಿ ಅವಳು ಕೂರುತ್ತಿದ್ದ, ಹಿಂದಕ್ಕೆ ವಾಲುವ ಕುರ್ಚಿಯ ಹಿಂಗಾಲಡಿ ಮರದ ತುಂಡು ಇಡಿಸಿದಳು. ಹನ್ನೆರಡನೇ ದಿನ ಕಿರುಬೆರಳಿಗೆ ಜೀವ ಬಂತು.

ಗಡುವಿನ ದಿನ ಸ್ವರ ಜಾರಲಿಲ್ಲ. "ಸರಿಹೋಯ್ತಲ್ಲ, ಕುರ್ಚಿ ನಿನ್ನದೇ" ಎಂದ ಮ್ಯಾನೇಜರು. ಅಷ್ಟಕ್ಕೆ ಸುಮ್ಮನಿದ್ದರೆ ಅವಳ ಪಾಡಿಗೆ ಅವಳು ಗೆದ್ದಿದ್ದಳು. ಆದರೆ ಅವಳು ಎದ್ದು ನಿಂತಳು.

"ಒಂಬತ್ತು ವರ್ಷದಿಂದ ನನ್ನ ಭುಜ ಓರೆ ಸಾರ್, ಬೆರಳು ಜೋಮು ಹಿಡಿದದ್ದನ್ನ ಮುಚ್ಚಿಟ್ಟಿದ್ದೆ. ಹಿಂದಿನ ಷೆಡ್ಡಿನ ಪಾಠದಿಂದ ಸರಿಹೋಯ್ತು. ಅಭ್ಯಾಸದ ಹೊತ್ತಲ್ಲೇ ಅರ್ಧ ಗಂಟೆ ಎಲ್ಲರಿಗೂ ಅದನ್ನ ಕೊಡಿಸಿ."

"ಬೇರೆ ಯಾರಿಗೂ ಇಲ್ಲಿ ನೋವಿಲ್ಲ. ನಿನಗೆ ಆಗದಿದ್ರೆ ಹೇಳು."

ಎಲ್ಲರೂ ನೆಲ ನೋಡಿದರು. ಅವಳಿಗೆ ಮ್ಯಾನೇಜರಿಗಿಂತ ಆ ಬಗ್ಗಿದ ತಲೆಗಳ ಮೇಲೆಯೇ ಹೆಚ್ಚು ಸಿಟ್ಟು ಬಂತು. ಆಗ ಕೊಳಲಿನವನು ಎದ್ದ. ಮ್ಯಾನೇಜರನ್ನು ನೋಡಲು ಅವನು ಇಡೀ ಮೈಯನ್ನೇ ತಿರುಗಿಸಬೇಕಾಯಿತು.

"ಮೂರು ವರ್ಷದಿಂದ ನನ್ನ ಕತ್ತು ತಿರುಗಲ್ಲ ಸಾರ್."

ಡ್ರಮ್ಮಿನವನು ಬಾತುಕೊಂಡ ಮಣಿಕಟ್ಟು ತೋರಿಸಿದ. ಆಮೇಲೆ ಇನ್ನೊಬ್ಬ, ಮತ್ತೊಬ್ಬಳು. ನಾಟಕಕ್ಕೆ ತಿಂಗಳಿರುವಾಗ ಇಡೀ ಮೇಳವನ್ನು ಮನೆಗೆ ಕಳಿಸುವ ಧೈರ್ಯ ಮ್ಯಾನೇಜರಿಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ರಂಗದ ಹಲಗೆಯ ಮೇಲೆ ಹನ್ನೊಂದು ಜನ ಅಂಗಾತ ಮಲಗಿದ್ದರು. ಪಕ್ಕದಲ್ಲಿದ್ದ ಕೊಳಲಿನವನು ನಕ್ಕ. "ಏನಕ್ಕ, ಈಗ ಸಮಾಧಾನವಾ?"

"ಏನು ಸಮಾಧಾನ? ಮೂರು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಲ್ಲೋ" ಅಂದಳು ಪಿಟೀಲಕ್ಕ. "ಮಾತು ಸಾಕು, ಕತ್ತು ಸಡಿಲ ಬಿಡು."